ಬೆಟ್ಟ ಹತ್ತಿದವರು

ಮೈಸೂರಿನಲ್ಲಿ ಅರವತ್ತು ದಾಟಿದ ಇಬ್ಬರು ಎದುರಾದರೆ ಮೊದಲ ಮಾತು ಸಕ್ಕರೆ ಕಾಯಿಲೆಯದು, ಎರಡನೆಯದು ಮಕ್ಕಳಿರುವ ದೇಶದ್ದು, ಮೂರನೆಯದು ಚಾಮುಂಡಿ ಬೆಟ್ಟದ್ದು. "ಬೆಟ್ಟ ಮೊದಲಿನ ಹಾಗಿಲ್ಲ ಬಿಡಿ." ಇದಕ್ಕೆ ಯಾರೂ ಎದುರಾಡುವುದಿಲ್ಲ. ಕಾಫಿ ಬರುವಷ್ಟರಲ್ಲಿ ಜನ, ಕಾರು, ಪ್ಲಾಸ್ಟಿಕ್ಕು, ಕೋತಿ ಎಲ್ಲಕ್ಕೂ ಒಂದೊಂದು ಮಂಗಳಾರತಿ ಆಗಿರುತ್ತದೆ. ನಾನೂ ಅದೇ ವಯಸ್ಸಿನವನು, ಅದೇ ಊರಿನವನು. ಆದರೆ ಆ 'ಮೊದಲು' ಯಾವ ಇಸವಿಯಿಂದ ಯಾವ ಇಸವಿಯವರೆಗೆ ಎಂದು ಕೇಳಿದರೆ ಒಬ್ಬರೂ ನೆಟ್ಟಗೆ ಹೇಳುವುದಿಲ್ಲ. ಕೆದಕಿ ನೋಡಿದರೆ, ಹೇಳುವವರಿಗೆ ಮೀಸೆ ಚಿಗುರುತ್ತಿದ್ದ ಕಾಲವೇ ಆಗಿರುತ್ತದೆ ಅದು.

ನನ್ನ ಮಟ್ಟಿಗೆ 'ಮೊದಲು' ಅಂದರೆ 1970ರ ದಶಕದ ಕೊನೆ, ಎಂಬತ್ತರ ದಶಕದ ಮೊದಲರ್ಧ. ಮನೆ ಇಟ್ಟಿಗೆಗೂಡಿನಲ್ಲಿ. ರಾತ್ರಿ ಮೃಗಾಲಯದ ಸಿಂಹ ಕೂಗುವುದು ಕೇಳುತ್ತಿತ್ತು, ಹಗಲು ತಾರಸಿ ಹತ್ತಿದರೆ ಬೆಟ್ಟ ಕಾಣುತ್ತಿತ್ತು. ಬೆಟ್ಟದ ನೆತ್ತಿಗೆ ಮೋಡ ಕವಿದರೆ ಅಜ್ಜಿ ಒಣಹಾಕಿದ್ದ ಹಪ್ಪಳ ಒಳಗೆ ತೆಗೆಯುತ್ತಿದ್ದರು. ದೇವರ ವಿಷಯ ಇರಲಿ, ಹವಾಮಾನದ ವಿಷಯದಲ್ಲಿ ಆ ಬೆಟ್ಟ ರೇಡಿಯೋಗಿಂತ ನಂಬಿಕಸ್ಥ.

ಆಷಾಢ ಬಂತೆಂದರೆ ಅಜ್ಜಿಗೆ ಒಂದು ಶುಕ್ರವಾರ ಮೆಟ್ಟಿಲು ಹತ್ತುವ ಹರಕೆ. ಯಾತಕ್ಕೆ ಹರಕೆ ಎಂದು ಹೇಳುತ್ತಿರಲಿಲ್ಲ. ಆಗದೆ ನಿಂತ ಕೆಲಸ ಮನೆಯಲ್ಲಿ ಒಂದಲ್ಲ ಒಂದು ಇದ್ದೇ ಇರುತ್ತಿತ್ತು. ಬೆಳಗಿನ ಜಾವ ಎದ್ದು ತಲೆಗೆ ನೀರು ಹಾಕಿಕೊಂಡು, ಹಿತ್ತಾಳೆ ಚೊಂಬಿನಲ್ಲಿ ಅರಿಸಿನ ಕಲಸಿಕೊಂಡು, ಕುಂಕುಮದ ಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುವರು. ಬೆಟ್ಟದ ಪಾದದ ಹತ್ತಿರ ಚಪ್ಪಲಿ ಬಿಟ್ಟಲ್ಲಿಂದ ಕೆಲಸ ಶುರು. ಎಡಗೈಯಲ್ಲಿ ಚೊಂಬು. ಬಲಗೈಯ ಮೂರು ಬೆರಳು ಅರಿಸಿನಕ್ಕೆ ಅದ್ದಿ ಮೆಟ್ಟಿಲಿನ ಅಂಚಿಗೆ ಅಡ್ಡಡ್ಡ ಒಂದು ಎಳೆತ, ಅದರ ನಡುವೆ ಉಂಗುರದ ಬೆರಳಿಂದ ಕುಂಕುಮದ ಬೊಟ್ಟು, ಒಂದು ಹೆಜ್ಜೆ ಮೇಲಕ್ಕೆ. ಮತ್ತೆ ಬಗ್ಗುವುದು, ಎಳೆಯುವುದು, ಇಡುವುದು, ಏಳುವುದು. ಚೊಂಬಿನ ಅರಿಸಿನ ಗಟ್ಟಿಯಾದಾಗ ಒಂದಿಷ್ಟು ನೀರು ಬೆರೆಸುವುದು, ಬಾಯಿ ಮುಚ್ಚಿಕೊಂಡಿರುವುದು, ಇವೆರಡು ನನ್ನ ಪಾಲಿನ ಕೆಲಸ. ಮುನ್ನೂರು ಮೆಟ್ಟಿಲಾಗುವಷ್ಟರಲ್ಲಿ ಅಜ್ಜಿಯ ಬೆರಳ ತುದಿ ಕಲ್ಲಿಗೆ ಉಜ್ಜಿ ತರಚಿರುತ್ತಿತ್ತು. ಮುಂಚೆ ಹತ್ತಿ ಹೋದ ಹೆಂಗಸರ ಬೊಟ್ಟಿನ ಮೇಲೇ ಇವರ ಬೊಟ್ಟು. ಆಷಾಢದ ತುಂತುರು ಹನಿ ಬಿದ್ದರೆ ಅಷ್ಟೂ ಕಲಸಿಕೊಂಡು ಕಲ್ಲು ಜಾರುತ್ತಿತ್ತು. ಹಾಗೆ ಜಾರಿ ಕೈ ಮುರಿದುಕೊಂಡವರೂ ಇದ್ದರು. ಅದನ್ನು ದೇವಿ ಸಣ್ಣದರಲ್ಲಿ ಕಳೆದಳು ಎಂದೇ ಹೇಳುತ್ತಿದ್ದರು.

ಮೆಟ್ಟಿಲು ಮಾಡಿಸಿದ್ದು ದೊಡ್ಡ ದೇವರಾಜ ಒಡೆಯರು, 1659ರಿಂದ 1673ರವರೆಗೆ ಆಳಿದವರು. ಬಾಯಿಮಾತಿಗೆ ಸಾವಿರ ಮೆಟ್ಟಿಲು. ಎಣಿಸಿದವರೆಲ್ಲ ಸಾವಿರದ ಹಿಂದೆಮುಂದೆ ಒಂದೊಂದು ಲೆಕ್ಕ ಕೊಡುತ್ತಾರೆ, ನಂದಿಯ ಹತ್ತಿರ ಕೂತು ಅದೇ ಜಗಳ ಆಡುತ್ತಾರೆ. ಶುರುವಿನ ಏರು ಕಡಿದು. ಅಲ್ಲೇ ಅರ್ಧ ಜನಕ್ಕೆ ಉಬ್ಬಸ ಬರುವುದು. ಆಮೇಲೆ ಕಾಲಿಗೆ ಏರು ಒಗ್ಗುತ್ತದೆ. ಏಳುನೂರರ ಸುಮಾರಿಗೆ ನಂದಿ.

ಆ ನಂದಿಯೂ ಅದೇ ದೊರೆಯ ಕಾಲದ್ದು. ಅಲ್ಲೇ ಇದ್ದ ಒಂದೇ ಬಂಡೆಯಲ್ಲಿ ಕಡೆದದ್ದು, 15 ಅಡಿಗೂ ಹೆಚ್ಚು ಎತ್ತರ, 24 ಅಡಿಯಷ್ಟು ಉದ್ದ. ಬೇರೆ ಊರಿನವರು ಬಂದು ಕಪ್ಪು ಕಲ್ಲಿನ ನಂದಿ ಎಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಕಪ್ಪು ಕಲ್ಲಿನದಲ್ಲ, ಎಣ್ಣೆಯದು. ತಲೆಮಾರುಗಟ್ಟಲೆ ಬಳಿದ ಎಣ್ಣೆ ಮಸಿ ಹಿಡಿದು ಕೂತ ಬಣ್ಣ ಅದು. ಕೊರಳ ಗಂಟೆಸರದ ಒಂದೊಂದು ಗಂಟೆಯೂ ಒಂದು ಮಗುವಿನ ತಲೆಯಷ್ಟಿದೆ. ಅದರ ಸಂದಿನಲ್ಲಿ ಬೆರಳಿಟ್ಟರೆ ಎಣ್ಣೆಯ ಜಿಡ್ಡು ಉಗುರಿನೊಳಗೆ ಬರುತ್ತಿತ್ತು. ಆಗ ಮುಟ್ಟಬಹುದಿತ್ತು, ಮಕ್ಕಳು ಮುಂಗಾಲಿನ ಮೇಲೆ ಕೂರುತ್ತಿದ್ದರು, ಬೈಯುವವರು ಇರಲಿಲ್ಲ. ಈಗ ಕಂಬಿ ಇದೆ. ಕಂಬಿ ಇರುವುದೇ ಸರಿ ಎಂದು ನನಗೆ ಅನ್ನಿಸುತ್ತದೆ. ಮುನ್ನೂರೈವತ್ತು ವರ್ಷ ಕಳೆದ ಕಲ್ಲಿನ ಮೇಲೆ ಎಲ್ಲರ ಮಕ್ಕಳೂ ಕೂರಬೇಕಾಗಿಲ್ಲ.

ಅಜ್ಜಿಗೆ ಮೆಟ್ಟಿಲಾದರೆ ಅಪ್ಪನಿಗೆ ಸ್ಕೂಟರು. ಭಾನುವಾರ ಸಂಜೆ ನಾವು ನಾಲ್ವರನ್ನೂ ಹೇರಿಕೊಂಡು, ಎರಡನೇ ಗೇರಿನಲ್ಲಿ ಗೊರಗುಡಿಸುತ್ತ ಹತ್ತುವರು. ದೇವಸ್ಥಾನಕ್ಕೆ ಹೋಗುತ್ತಿದ್ದದ್ದು ಕಡಿಮೆ. ಅವರು ಬರುತ್ತಿದ್ದದ್ದು ತಿರುವಿನ ಮೋಟುಗೋಡೆಗೆ, ಈಗ ವ್ಯೂ ಪಾಯಿಂಟ್ ಎನ್ನುವ ಜಾಗಕ್ಕೆ. ಗಾಡಿ ನಿಲ್ಲಿಸಿ, ಎಂಜಿನ್ ತಣ್ಣಗಾಗಲಿ ಎಂದು ಪಕ್ಕಕ್ಕೆ ಒರಗಿಸಿ, ಬೆರಳು ಚಾಚಿ ಹಾಜರಿ ಕರೆಯಲು ಶುರು ಮಾಡುತ್ತಿದ್ದರು. ಅದೋ ಲಲಿತಮಹಲು, ವೈಸ್‌ರಾಯ್ ಬಂದರೆ ಇಳಿಯಲಿ ಅಂತ ನಾಲ್ವಡಿಯವರು ಕಟ್ಟಿಸಿದ್ದು, 1921. ಅದು ರೇಸ್ ಕೋರ್ಸು. ಅದು ಕಾರಂಜಿ ಕೆರೆ, ಅದರ ಪಕ್ಕ ನಮ್ಮ ಮನೆ, ಹಸಿರು ಕಾಣ್ತಿದೆಯಲ್ಲ ಅಲ್ಲೆಲ್ಲೋ. ಎರಡು ಕೋಡು ಇರೋದು ಫಿಲೋಮಿನಾ ಚರ್ಚು. ಆ ಕಡೆ ಕುಕ್ಕರಹಳ್ಳಿ ಕೆರೆ. ಅದರಾಚೆ ಹೊಳೀತಿದೆಯಲ್ಲ, ಕನ್ನಂಬಾಡಿ ನೀರು. ಕನ್ನಂಬಾಡಿ ಎಲ್ಲ ದಿನ ಕಾಣುತ್ತಿರಲಿಲ್ಲ. ಕಾಣದ ದಿನವೂ ಅಪ್ಪ ತೋರಿಸುತ್ತಿದ್ದರು, ನಾವೂ ಹೂಂ ಅನ್ನುತ್ತಿದ್ದೆವು.

ಏಳು ಗಂಟೆಗೆ ಅರಮನೆ ದೀಪ ಹತ್ತುತ್ತಿತ್ತು. ಒಂದೇ ಏಟಿಗೆ, ತೊಂಬತ್ತು ಸಾವಿರಕ್ಕೂ ಮೀರಿದ ಬಲ್ಬು. ಗೋಡೆಯ ಉದ್ದಕ್ಕೂ ನಿಂತವರ ಬಾಯಲ್ಲಿ ಒಟ್ಟಿಗೆ ಒಂದು 'ಓ' ಹೊರಡುತ್ತಿತ್ತು. ಆಗ ಆ ಬೆಳಕು ಅಷ್ಟು ಎದ್ದು ಕಾಣುತ್ತಿದ್ದದ್ದಕ್ಕೆ ಕಾರಣ ಅರಮನೆಯಷ್ಟೇ ಅಲ್ಲ, ಸುತ್ತಲಿನ ಕತ್ತಲೆಯೂ ಹೌದು. 1981ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ನಾಲ್ಕೂವರೆ ಲಕ್ಷದ ಆಸುಪಾಸು. ಬೆಟ್ಟದ ಬುಡದಿಂದ ಲಲಿತಮಹಲಿನವರೆಗೆ ದೀಪ ಎಣಿಸಬಹುದಿತ್ತು. 2011ಕ್ಕೆ ಜನಸಂಖ್ಯೆ ಒಂಬತ್ತು ಲಕ್ಷ ದಾಟಿತು. ಈಗ ಏಳು ಗಂಟೆಗೆ ಅರಮನೆ ದೀಪ ಹತ್ತಿದರೆ ಗೊತ್ತಿದ್ದವರು ಗೊತ್ತಿಲ್ಲದವರಿಗೆ ತೋರಿಸಬೇಕು. ವರ್ತುಲ ರಸ್ತೆಯ ಎಲ್‌ಇಡಿ ಸಾಲು, ಬಡಾವಣೆಗಳು, ಆಸ್ಪತ್ರೆಗಳ ಬೋರ್ಡುಗಳು, ಕಲ್ಯಾಣ ಮಂಟಪಗಳ ಸೀರಿಯಲ್ ಸೆಟ್ಟುಗಳು, ಎಲ್ಲವೂ ಅದರ ಜೊತೆ ಪೈಪೋಟಿಗೆ ನಿಂತಿವೆ.

ಹಾಗೆಂದು ಆಗಿನ ಬೆಟ್ಟ ನಂದನವನವಾಗಿತ್ತು ಎಂದು ನಾನು ಹೇಳಲಾರೆ. ಕುಡಿಯುವ ನೀರಿಗೆ ಪರದಾಟ. ಹೆಂಗಸರಿಗೆ ಶೌಚಾಲಯ ಎಂಬ ಮಾತೇ ಇರಲಿಲ್ಲ. ಅಜ್ಜಿ, ಅಮ್ಮ, ಅತ್ತೆಯರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದರು, ಅದನ್ನು ಉಪವಾಸ ಎಂದು ಕರೆಯುತ್ತಿದ್ದರು. ಕತ್ತಲಾದ ಮೇಲೆ ಮೆಟ್ಟಿಲ ದಾರಿಯಲ್ಲಿ ಸರ ಕಿತ್ತ ಸುದ್ದಿ ಆಗಾಗ ಬರುತ್ತಿತ್ತು. ದೇವಸ್ಥಾನದೊಳಗೆ ಯಾರು ಎಲ್ಲಿಯವರೆಗೆ ಬರಬಹುದು, ಯಾರು ಹಿಂದೆ ನಿಲ್ಲಬೇಕು ಎಂಬುದು ಬೋರ್ಡು ಇಲ್ಲದೆಯೇ ಎಲ್ಲರಿಗೂ ಗೊತ್ತಿರುತ್ತಿತ್ತು. ನಮ್ಮ ಮನೆಯವರು ಮುಂದೆ ನಿಲ್ಲುತ್ತಿದ್ದ ಪೈಕಿ. ನೆನಪು ತಂಪಾಗಿರುವುದಕ್ಕೆ ಇದೂ ಒಂದು ಕಾರಣ. ಹಿಂದೆ ನಿಂತವರನ್ನು ಕೇಳಿದರೆ ಅವರ 'ಮೊದಲು' ಬೇರೆಯೇ ಇರಬಹುದು.

ಇನ್ನು ಬೆಟ್ಟವನ್ನು ಯಾರೂ ಮುಟ್ಟದೆ ಹಾಗೇ ಬಿಟ್ಟಿದ್ದ ಕಾಲ ಎಂಬುದೂ ಇಲ್ಲ. ಇಲ್ಲಿನ ಹಳೆಯ ದೇವರು ಚಾಮುಂಡಿಯಲ್ಲ, ಮಹಾಬಲೇಶ್ವರ. ದೊಡ್ಡ ಗುಡಿಯ ಪಕ್ಕದಲ್ಲಿ ತಗ್ಗಾಗಿ ಕೂತಿರುವ ಅವನ ಗುಡಿಗೆ ಸಂಬಂಧಿಸಿದ ಶಾಸನ 950ನೇ ಇಸವಿಯದು; ಆಗ ಈ ಜಾಗಕ್ಕೆ ಮರ್ಬಳ ತೀರ್ಥ ಎಂದು ಹೆಸರು. ಒಡೆಯರು ಚಾಮುಂಡಿಯನ್ನು ಕುಲದೇವತೆಯಾಗಿ ಪೂಜಿಸಿದ ಮೇಲೆ ತಾಯಿಯ ಕಡೆ ಏಳಿಗೆಯಾಯಿತು, ಶಿವನ ಕಡೆ ಹಾಗೇ ಉಳಿಯಿತು. ಈಗ ದೂರದಿಂದ ಕಾಣುವ ಏಳು ಅಂತಸ್ತಿನ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ್ದು. ಅವರೂ ಅವರ ಮೂವರು ರಾಣಿಯರೂ ಕಲ್ಲಿನಲ್ಲಿ ಕೈ ಮುಗಿದುಕೊಂಡು ಗುಡಿಯೊಳಗೆ ಈಗಲೂ ನಿಂತಿದ್ದಾರೆ. ಸಂಸ್ಕೃತ ಶ್ಲೋಕಗಳನ್ನು ಕೊರೆಸಿದ ನಕ್ಷತ್ರಮಾಲಿಕೆ ಎಂಬ ಚಿನ್ನದ ಸರ ದೇವಿಗೆ ಕೊಟ್ಟವರೂ ಅವರೇ. ಮುಂದಿನವರು ಬೆಟ್ಟದ ತುದಿಯಲ್ಲಿ ರಾಜೇಂದ್ರ ವಿಲಾಸ ಎಂಬ ಬೇಸಿಗೆ ಅರಮನೆಯನ್ನೇ ಎಬ್ಬಿಸಿದರು. ಅದು ಕೆಲಕಾಲ ಹೋಟೆಲಾಗಿ, ಬಾಗಿಲು ಹಾಕಿತು. ನಾವು 'ಹಳೆಯ ಚೆಂದ' ಎನ್ನುವುದೆಲ್ಲ ಒಂದೊಂದು ಕಾಲದಲ್ಲಿ ಬೆಟ್ಟದ ಮೇಲೆ ನಡೆದ ಕಾಮಗಾರಿ. ಆಗ ಗುತ್ತಿಗೆದಾರರ ಹೆಸರು ಪೇಪರಿನಲ್ಲಿ ಬರುತ್ತಿರಲಿಲ್ಲ, ಅಷ್ಟೆ.

ಬೆಟ್ಟದ ಕಥೆ ನಮ್ಮ ಮನೆಗೆ ಎರಡು ಬಾಗಿಲಿಂದ ಬರುತ್ತಿತ್ತು. ಮುಂಬಾಗಿಲಿಂದ ಬಂದದ್ದು ಪುರಾಣದ್ದು: ದೇವತೆಗಳ ತೇಜಸ್ಸು ಸೇರಿ ದೇವಿ ಹುಟ್ಟಿದಳು, ಮಹಿಷಾಸುರನನ್ನು ಕೊಂದಳು. ಹಿತ್ತಲ ಬಾಗಿಲಿಂದ ಬರುತ್ತಿದ್ದದ್ದು ಉತ್ತನಹಳ್ಳಿ ಕಡೆಯಿಂದ ಹಾಲು ತರುತ್ತಿದ್ದ ಹೆಂಗಸಿನ ಕಥೆ. ಆಕೆಯ ಚಾಮುಂಡಿಗೆ ಮಹಿಷನನ್ನು ಒಬ್ಬಳೇ ಕೊಲ್ಲಲು ಆಗಲಿಲ್ಲ. ಕಡಿದಷ್ಟೂ ನೆತ್ತರ ಹನಿ ನೆಲಕ್ಕೆ ಬಿದ್ದು ಹೊಸ ರಕ್ಕಸರು ಏಳುತ್ತಿದ್ದರು. ಸೋತು ಹಣೆಯ ಬೆವರು ಒರೆಸಿ ಕೊಡವಿದಾಗ ತಂಗಿ ಹುಟ್ಟಿದಳು, ಆ ತಂಗಿ ರಣದ ತುಂಬ ನಾಲಿಗೆ ಹಾಸಿದಳು, ಹನಿ ನೆಲಕ್ಕೆ ಬೀಳಲಿಲ್ಲ. "ಕೆಲ್ಸ ಮುಗಿದ್ಮ್ಯಾಲೆ ಅಕ್ಕ ಬೆಟ್ಟ ಹತ್ತಿ ಕುಂತ್ಲು ಕನವ್ವ. ತಂಗಿ ಕೆಳೀಕೇ ಉಳ್ಕಂಡ್ಲು. ಅಕ್ಕಂಗೆ ಚಿನ್ನದ ಕಿರೀಟ, ತಂಗಿಗೆ ಬೇವಿನ ಸೊಪ್ಪು" ಎಂದು ಆಕೆ ಅಮ್ಮನಿಗೆ ಹೇಳಿ ಹಾಲು ಅಳೆಯುವಳು. ಉತ್ತನಹಳ್ಳಿಯ ಜ್ವಾಲಾಮುಖಿ ತ್ರಿಪುರಸುಂದರಿಯೇ ಆ ತಂಗಿ. ಬೆಟ್ಟದ ಬುಡದಲ್ಲಿ ಈಗಲೂ ಅವಳದೇ ಭಕ್ತರು, ಅವಳದೇ ಜಾತ್ರೆ.

ಇದರ ಮೇಲೆ ನಂಜುಂಡನ ಪ್ರಸಂಗ ಬೇರೆ. ನಂಜನಗೂಡಿನ ನಂಜುಂಡನಿಗೆ ಮನೆಯಲ್ಲಿ ಹೆಂಡತಿ ದೇವೀರಿ, ಬೆಟ್ಟದಲ್ಲಿ ಒಲಿದವಳು ಚಾಮುಂಡಿ. ಹೊಳೆ ದಾಟಿ ಬರುವುದು, ಹೆಂಡತಿಗೆ ಗೊತ್ತಾಗುವುದು, ಇಬ್ಬರೂ ಒಬ್ಬರನ್ನೊಬ್ಬರು ಬಾಯಿಗೆ ಬಂದ ಹಾಗೆ ಬೈದಾಡುವುದು; ಈ ಸೀಮೆಯ ಹಾಡುಗಾರರು ಇದನ್ನು ರಾತ್ರಿಯಿಡೀ ಹಾಡುತ್ತಿದ್ದರು. ಬೈಗುಳ ಬಂದ ಕಡೆ ಕೇಳುವವರು ಹತ್ತಿರ ಸರಿದು ಕೂರುತ್ತಿದ್ದರು. ಗುಡಿಯ ಬಳಿ ಈ ಕಥೆಯ ಒಂದು ಅಕ್ಷರವೂ ಬೋರ್ಡಿನಲ್ಲಿಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ಧ್ವನಿವರ್ಧಕದಲ್ಲಿ ಸಹಸ್ರನಾಮ ಬರುತ್ತದೆ, ದೇವೀರಿಯ ಸಿಟ್ಟು ಬರುವುದಿಲ್ಲ.

ಬೆಟ್ಟದ ಕಥೆ ಯಾರದು ಎಂಬ ಈ ಹಳೆಯ ತಕರಾರು ಮುಗಿದಿಲ್ಲ, ಹೊಸ ರೂಪದಲ್ಲಿ ಬಂದಿದೆ. ನಾವು ಚಿಕ್ಕವರಿದ್ದಾಗ ಮಹಿಷಾಸುರನ ಬಣ್ಣದ ಪ್ರತಿಮೆ ಬರೀ ಹೆದರಿಸುವ ವಸ್ತು: ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು, ಹುಬ್ಬಿನ ಕೆಳಗೆ ಕಣ್ಣು ಕಿಸಿದು ನೋಡುವ ಮುಖ. ಅವನ ಕಾಲ ಬುಡದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳದ ಮೈಸೂರಿನ ಮಗು ಇಲ್ಲ. ಈಗ, ಅವನು ರಕ್ಕಸನಲ್ಲ, ಬೌದ್ಧ ಪರಂಪರೆಯ ದೊರೆ ಎನ್ನುವವರು ದಸರೆಗೆ ಮುಂಚೆ ಮಹಿಷ ದಸರಾ ಮಾಡುತ್ತಾರೆ. ಬೆಟ್ಟದ ಮೇಲೆ ಅದು ನಡೆಯಕೂಡದು ಎಂದು ಇನ್ನೊಂದು ಗುಂಪು. ಒಟ್ಟಿನಲ್ಲಿ ಆ ಪ್ರತಿಮೆಯ ಸುತ್ತ ಪೊಲೀಸರು. ಹಾಗೆಯೇ ದಸರೆಯ ಉದ್ಘಾಟನೆ. 2017ರಲ್ಲಿ ಕವಿ ನಿಸಾರ್ ಅಹಮದ್ ದೇವಿಗೆ ಹೂ ಹಾಕಿ ದಸರೆಗೆ ಚಾಲನೆ ಕೊಟ್ಟರು. ಊರು ಹೋಳಿಗೆ ತಿಂದು ಸುಮ್ಮನಾಯಿತು. 2025ರಲ್ಲಿ ಲೇಖಕಿ ಬಾನು ಮುಷ್ತಾಕ್ ಅವರ ಹೆಸರು ಬಂದಾಗ ವಿಷಯ ಹೈಕೋರ್ಟಿಗೆ ಹೋಗಿ, ಅಲ್ಲಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎರಡೂ ಕಡೆ ಅರ್ಜಿ ಬಿದ್ದುಹೋಗಿ, ಸೆಪ್ಟೆಂಬರ್ 22ರಂದು ಅವರೇ ಬಂದು ಉದ್ಘಾಟಿಸಿದರು. ಎಂಟು ವರ್ಷದ ಅಂತರದಲ್ಲಿ ಬೆಟ್ಟ ಬದಲಾಗಿರಲಿಲ್ಲ. 'ಮೊದಲಿನ ಹಾಗಿಲ್ಲ' ಎಂಬ ಮಾತನ್ನು ನಾನು ಒಪ್ಪುವುದು ಇಂಥ ಕಡೆ. ಆದರೆ ಬೆಟ್ಟದ ಬಗ್ಗೆ ದೂರುವವರು ಇದನ್ನು ದೂರಿನ ಪಟ್ಟಿಗೆ ಸೇರಿಸುವುದಿಲ್ಲ.

ಅವರ ಪಟ್ಟಿಯಲ್ಲಿ ಮೊದಲು ಬರುವುದು ಜನ. ಜನ ಹೆಚ್ಚಿದ್ದಾರೆ, ಅನುಮಾನವಿಲ್ಲ. ಆಷಾಢ ಶುಕ್ರವಾರ ಖಾಸಗಿ ವಾಹನ ಬಿಡುವುದಿಲ್ಲ. ಲಲಿತಮಹಲ್ ಬಳಿಯ ಮೈದಾನದಲ್ಲಿ ಗಾಡಿ ನಿಲ್ಲಿಸಿ ಸಾರಿಗೆ ಬಸ್ಸು ಹತ್ತಬೇಕು. ಮೇಲೆ ಬಹುಮಹಡಿ ಪಾರ್ಕಿಂಗ್, ಕಂಬಿ ಕಟ್ಟಿದ ಸಾಲು, ಟಿಕೆಟ್ಟಿನ ಸಾಲು, ಟಿಕೆಟ್ಟಿಲ್ಲದ ಸಾಲು. ಮೈಸೂರಿನ ದೊಡ್ಡ ಮನುಷ್ಯರಿಗೆ ಮಾತ್ರ ಇವೆರಡೂ ಅಲ್ಲದ ಮೂರನೆಯ ದಾರಿ ಗೊತ್ತು: ಪಾಸು. ದಸರೆಗೆ ಪಾಸು, ಆಷಾಢಕ್ಕೆ ಪಾಸು. ಜನಜಂಗುಳಿಯನ್ನು ಅತಿ ಜೋರಾಗಿ ಬೈಯುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಪ್ರತಿವರ್ಷ ಆಷಾಢದ ಮೊದಲ ಶುಕ್ರವಾರಕ್ಕೆ ಮೂರು ವಾರ ಮುಂಚಿನಿಂದಲೇ ಫೋನು ಹಿಡಿದು ಕೂರುತ್ತಾರೆ. ಅವರ ಪ್ರಕಾರ ಜಂಗುಳಿ ಎಂದರೆ ಪಾಸಿಲ್ಲದವರು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಟಿಕೆಟ್ಟಿಗೆ ದುಡ್ಡಿಲ್ಲ. ಅಲ್ಲಿಂದೀಚೆಗೆ ದೂರಿನ ದನಿಯೂ ಸ್ವಲ್ಪ ಬದಲಾಗಿದೆ. 'ಫ್ರೀ ಬಸ್ಸಿನವರು' ಎಂದು ಮೂಗು ಮುರಿದು ಹೇಳುವುದು ನನ್ನ ಕಿವಿಗೇ ಬಿದ್ದಿದೆ. ಇದು ನನಗೆ ರುಚಿಸುವುದಿಲ್ಲ. ನಾವು ಸ್ಕೂಟರಿನಲ್ಲಿ ಹೋದಾಗ ಅಜ್ಜಿಯೂ ಹೀಗೆಯೇ ಅಂದಿದ್ದರು: ಪೆಟ್ರೋಲು ಸುಟ್ಟು ಹತ್ತಿದವರಿಗೆ ದೇವರು ಎಲ್ಲಿ ಬರುತ್ತಾಳೆ? ಪ್ರತಿ ತಲೆಮಾರಿಗೂ ತನ್ನ ಹಿಂದೆ ಬಂದ ಗಾಡಿಯೇ ಅಪಚಾರ.

ಹೋದ ಮಾರ್ಗಶಿರದಲ್ಲಿ, ಮಂಜು ಇನ್ನೂ ಪೂರ್ತಿ ಹರಿಯದ ಒಂದು ಬೆಳಿಗ್ಗೆ, ವ್ಯೂ ಪಾಯಿಂಟಿನಲ್ಲಿ ನಿಂತಿದ್ದೆ. ಸೌತೆಕಾಯಿಗೆ ಉಪ್ಪುಖಾರ ಹಚ್ಚುವವನು ಆಗಷ್ಟೇ ಬುಟ್ಟಿ ಇಳಿಸುತ್ತಿದ್ದ, ಒಂದು ಕೋತಿ ಅವನ ಲೆಕ್ಕಾಚಾರ ನೋಡುತ್ತಿತ್ತು. ಐದಾರು ಹೆಂಗಸರು ಬಂದು ಗೋಡೆಗೆ ಒರಗಿದರು. ಹಣೆಯಲ್ಲಿ ಆಗ ಇಟ್ಟ ಕುಂಕುಮ, ಕೈಯಲ್ಲಿ ಪ್ರಸಾದದ ಕವರು. ಅವರಲ್ಲಿ ಹಿರಿಯಳೊಬ್ಬಳು ನನ್ನನ್ನು ನೋಡಿ, "ಅಣ್ಣ, ಅರಮನೆ ಯಾವ್ದು ಇದ್ರಲ್ಲಿ?" ಎಂದಳು. ತೋರಿಸಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು; ಅಪ್ಪನ ರಕ್ತ, ಲಲಿತಮಹಲು, ರೇಸ್ ಕೋರ್ಸು, ಕಾರಂಜಿ ಎಂದು ಮುಂದುವರಿದೆ. ಆಕೆ ಮರ್ಯಾದೆಗೆ ಎಲ್ಲ ಕೇಳಿಸಿಕೊಂಡಳು.

"ನಮ್ಮೂರು ಯಾವ ಕಡೀಕೆ ಬತ್ತದೆ?"

"ಯಾವೂರಮ್ಮ?"

"ವರುಣದಿಂದ ಒಳೀಕೆ. ಹೊಲದಲ್ಲಿ ಕಳೆ ಕೀಳ್ತಾ ದಿನಾ ಬೆಟ್ಟ ನೋಡ್ತೀವಿ, ಅಲ್ಲಿಂದ್ಲೇ ಕೈ ಮುಗೀತೀವಿ. ಬೆಟ್ಟದಿಂದ ನಮ್ಮೊಲ ಕಂಡದಾ ಅಂತ ನೋಡವ ಅಂತಿದ್ದೆ."

ವರುಣ ಬೆಟ್ಟದ ಬೆನ್ನಿನ ಕಡೆ. ನಾವು ನಿಂತಿದ್ದ ಗೋಡೆ ಮುಖ ಮಾಡಿದ್ದು ಮೈಸೂರಿಗೆ. ಅಷ್ಟು ಕಾಲ ಆ ಗೋಡೆಗೆ ಒರಗಿ ನಿಂತವನಿಗೆ ಅದು ಯಾರಿಗಾಗಿ ಕಟ್ಟಿದ ಗೋಡೆ ಎಂದು ಹೊಳೆದಿರಲಿಲ್ಲ. ಅರಮನೆ, ಅತಿಥಿಗಳ ಮಹಲು, ಕುದುರೆ ಓಡುವ ಬಯಲು, ಚರ್ಚು: ಊರು ತನ್ನನ್ನು ತಾನೇ ನೋಡಿಕೊಂಡು ಖುಷಿಪಡಲು ಮಾಡಿಕೊಂಡ ಕಟ್ಟೆ ಅದು. ಸುತ್ತಲಿನ ಹಳ್ಳಿಗಳವರಿಗೆ ಬೆಟ್ಟ ನೋಡುವ ವಸ್ತು, ಅಲ್ಲಿಂದ ನೋಡುವ ಜಾಗವಲ್ಲ. ಈಗ ಅವರು ಬಸ್ಸು ಹತ್ತಿ ಬಂದು ತಮ್ಮ ಹೊಲ ಎಲ್ಲಿ ಎಂದು ಕೇಳುತ್ತಿದ್ದಾರೆ. "ಹಿಂದ್ಗಡೆ ಬರುತ್ತೆ, ಇಲ್ಲಿಂದ ಕಾಣಲ್ಲಮ್ಮ" ಎಂದೆ. "ಸರಿ ಬುಡಿ" ಎಂದು ಆಕೆ ಫೋನು ತೆಗೆದು ಅರಮನೆಯ ಕಡೆಗೊಂದು ಫೋಟೊ ಹೊಡೆದುಕೊಂಡಳು. ಜೊತೆಯವಳು "ಲೇ, ಬಸ್ಸು" ಎಂದು ಕೂಗಿದ್ದೇ ಎಲ್ಲರೂ ಓಡಿದರು.

ಜನ ಬಂದದ್ದರಿಂದ ಬೆಟ್ಟ ಕೆಟ್ಟಿತು ಎಂಬ ಮಾತನ್ನು ನಾನು ಒಪ್ಪದಿರಲು ಇನ್ನೊಂದು ಕಾರಣವಿದೆ. ಬೆಟ್ಟಕ್ಕೆ ನಿಜವಾಗಿ ಆಗಿರುವ ಪೆಟ್ಟು ಬೇರೆ ಕಡೆಯದು, ಈ ಗೊಣಗಾಟದಲ್ಲಿ ಅದು ಮುಚ್ಚಿಹೋಗುತ್ತಿದೆ. 2021ರ ಅಕ್ಟೋಬರಿನಲ್ಲಿ ಜೋರು ಮಳೆ ಹೊಡೆದು ನಂದಿಗೆ ಹೋಗುವ ರಸ್ತೆಯ ಒಂದು ಬದಿ ಕುಸಿಯಿತು. ಅದನ್ನು ನೋಡಿ ಹೋದವರು ಕೆಳಗಿಳಿಯುವ ಮೊದಲೇ ಎಂಬಂತೆ ಅದೇ ದಾರಿಯಲ್ಲಿ ಮತ್ತೆ ಕುಸಿಯಿತು. ರಸ್ತೆಗೆ ಅಡ್ಡ ಕಟ್ಟಿ ಬಹಳ ಕಾಲ ವಾಹನ ಬಿಡಲಿಲ್ಲ.

ಆಗ ನಾನು ನಡೆದುಕೊಂಡು ಹೋಗಿ ನೋಡಿದ್ದೆ. ಡಾಂಬರಿನ ಅಂಚು ಅರ್ಧ ಗಾಳಿಯಲ್ಲಿ ತೂಗುತ್ತಿತ್ತು. ಅದರ ಕೆಳಗೆ ರಸ್ತೆಯ ಒಳಹೊಟ್ಟೆ ಪದರ ಪದರವಾಗಿ ಕಾಣುತ್ತಿತ್ತು: ಮೇಲೆ ನಾಲ್ಕು ಬೆರಳು ಡಾಂಬರು, ಅದರಡಿ ಜಲ್ಲಿ, ಅದರಡಿ ತುಂಬಿದ ಸಡಿಲ ಮಣ್ಣು. ಬಂಡೆ ಕಾಣಲೇ ಇಲ್ಲ. ಎಲ್ಲರಿಗೂ ಬೆಟ್ಟ ಎಂದರೆ ಗಟ್ಟಿ ಕಲ್ಲು ಎಂಬ ಭಾವನೆ. ಕಲ್ಲೇನೋ ಗಟ್ಟಿಯೇ. ಚಾಮುಂಡಿ ಗ್ರಾನೈಟ್ ಎಂದು ಭೂವಿಜ್ಞಾನದವರು ಹೆಸರಿಟ್ಟಿರುವ ಈ ನಸುಗೆಂಪು ಕಲ್ಲಿಗೆ ಸುಮಾರು 80 ಕೋಟಿ ವರ್ಷ. ಸುತ್ತಲಿನ ಕಲ್ಲಿಗೆ ಹೋಲಿಸಿದರೆ ಅದು ಎಳಸು. ಆದರೆ ರಸ್ತೆ ಕೂತಿರುವುದು ಎಲ್ಲ ಕಡೆ ಆ ಕಲ್ಲಿನ ಮೇಲಲ್ಲ. ಇಳಿಜಾರು ಕೆತ್ತಿ, ಕೆತ್ತಿದ ಮಣ್ಣನ್ನು ಹೊರ ಅಂಚಿಗೆ ತುಂಬಿ, ಕಲ್ಲು ಕಟ್ಟಿ ಮಟ್ಟ ಮಾಡಿದ ಜಾಗದಲ್ಲಿ. ಮೇಲಿಂದ ಬಂದ ಮಳೆ ನೀರಿಗೆ ದಾರಿ ಇರುವವರೆಗೆ ಅದು ನಿಲ್ಲುತ್ತದೆ. ಮೇಲೆ ಕಾಂಕ್ರೀಟು ಹಾಕಿದಷ್ಟೂ ನೀರು ಇಂಗುವುದಿಲ್ಲ, ಒಟ್ಟಿಗೆ ಕೆಳಗೆ ಓಡಿಬರುತ್ತದೆ. ಚರಂಡಿ ಕಟ್ಟಿಕೊಂಡರೆ ಅದು ತಡೆಗೋಡೆಯ ಹಿಂದೆ ಸೇರಿ ಗೋಡೆಯನ್ನೇ ಮುಂದಕ್ಕೆ ತಳ್ಳುತ್ತದೆ. ವರುಣದ ಆ ಹೆಂಗಸಿನ ಭಾರಕ್ಕೆ ರಸ್ತೆ ಕುಸಿಯಲಿಲ್ಲ.

ಇಷ್ಟಾದರೂ ಬೆಟ್ಟದ ಸುದ್ದಿ ಎಂದರೆ ಮತ್ತೇನಾದರೂ ಕಟ್ಟುವ ಸುದ್ದಿಯೇ. ರೋಪ್‌ವೇ ಮಾತು ಆಗಾಗ ಎದ್ದು ಕೂರುತ್ತದೆ, ಊರಿನ ಪರಿಸರದವರು ಗಲಾಟೆ ಮಾಡಿದಾಗ ಮಲಗುತ್ತದೆ. ಕೇಂದ್ರದ ಪ್ರಸಾದ್ ಯೋಜನೆಯ ದುಡ್ಡು ಬಂದಿದೆ. ಭಕ್ತರ ಅನುಕೂಲ ಎಂದು ಸರ್ಕಾರ, ಕಾಂಕ್ರೀಟು ಸಾಕು ಎಂದು ಪರಿಸರದವರು. ನೀರು, ಶೌಚಾಲಯ, ನೆರಳು ಬೇಕು ಎನ್ನುವುದರಲ್ಲಿ ನನಗೆ ಎರಡನೇ ಮಾತಿಲ್ಲ. ಬಾಯಾರಿದ ಹೆಂಗಸರ ಉಪವಾಸ ನೋಡಿ ಬೆಳೆದವನು ನಾನು. ಆದರೆ ಹತ್ತು ನಿಮಿಷದಲ್ಲಿ ತುದಿ ಮುಟ್ಟಿಸುವ ಯಂತ್ರ ಬೇಕು ಎನ್ನುವವರು ನಂದಿಯ ರಸ್ತೆ ಕುಸಿದ ಜಾಗದಲ್ಲಿ ಒಮ್ಮೆ ಇಳಿದು ನಿಂತು ನೋಡಲಿ.

ಮೆಟ್ಟಿಲ ದಾರಿ ಮಾತ್ರ ಹೇಗಿತ್ತೋ ಹಾಗೇ ಇದೆ ಎಂದರೆ ಅದೂ ಸುಳ್ಳು. ಬೆಳಿಗ್ಗೆ ಐದೂವರೆಗೆ ಹೋದರೆ ಕಿವಿಗೆ ಇಯರ್‌ಫೋನು ಸಿಕ್ಕಿಸಿ, ಕೈಗೆ ಗಡಿಯಾರ ಕಟ್ಟಿ, ಎಷ್ಟು ನಿಮಿಷದಲ್ಲಿ ಹತ್ತಿದೆ ಎಂದು ನೋಡಿಕೊಳ್ಳುವ ಹುಡುಗ ಹುಡುಗಿಯರದೇ ಸಾಲು. ಅವರ ಪಕ್ಕದಲ್ಲೇ ಈಗಲೂ ಅರಿಸಿನ ಎಳೆಯುತ್ತ ಹತ್ತುವ ಹೆಂಗಸರಿದ್ದಾರೆ. ಚೊಂಬಿನ ಜಾಗಕ್ಕೆ ಪ್ಲಾಸ್ಟಿಕ್ ಡಬ್ಬ ಬಂದಿದೆ. ಓಡುವವರು ಬೊಟ್ಟು ತುಳಿಯದ ಹಾಗೆ ಅಂಚಿಗೆ ಕಾಲಿಟ್ಟು ಓಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ನನ್ನ ಮೊಣಕಾಲಿಗೆ ಹತ್ತುವುದು ಇನ್ನೂ ಆಗುತ್ತದೆ, ಇಳಿಯುವುದು ಆಗುವುದಿಲ್ಲ. ಹಾಗಾಗಿ ಹೋಗುವಾಗ ಅಜ್ಜಿಯ ದಾರಿ, ಬರುವಾಗ 201ನೇ ನಂಬರಿನ ಬಸ್ಸು.

ಈ ಸಲ ಮುಂಗಾರು ಶುರುವಾಗುವ ಮುಂಚೆ ಬಸ್ಸಿಗೆ ಕಾಯದೆ ಸ್ವಲ್ಪ ದೂರ ರಸ್ತೆಯಲ್ಲೇ ಇಳಿದೆ. ಒಂದು ತಿರುವಿನಲ್ಲಿ ಇಬ್ಬರು ಮೋರಿಯ ಬಾಯಿ ಬಿಡಿಸುತ್ತಿದ್ದರು. ಒಬ್ಬ ಒಳಗೆ ಬಗ್ಗಿ ಗುದ್ದಲಿಯಿಂದ ಎಳೆಯುವುದು, ಇನ್ನೊಬ್ಬ ಮಂಕರಿಗೆ ತುಂಬುವುದು. ನೀರಿನ ಬಾಟಲಿ, ಕೊಬ್ಬರಿ ಚಿಪ್ಪು, ಹರಿದ ರೇಷ್ಮೆಯ ಕಣ, ದೇವಿಯ ಫೋಟೊದ ಒಡೆದ ಕಟ್ಟು, ಮತ್ತೆ ಬಾಟಲಿ. ಮಂಕರಿ ಆರನೆಯದೋ ಏಳನೆಯದೋ ಇರಬೇಕು, ಪಕ್ಕದಲ್ಲಿ ಗುಡ್ಡೆ ಬಿದ್ದಿತ್ತು. ಪ್ರತಿ ವರ್ಷ ಹೀಗೆ ತೆಗೀತೀರಾ ಎಂದು ಕೇಳಿದೆ. "ಇಲ್ಲ ಸಾ, ಹೋದ್ವರ್ಸ ಯಾರೂ ಹೇಳ್ನಿಲ್ಲ" ಎಂದು ಒಳಗಿದ್ದವನು ತಲೆ ಎತ್ತದೆ ಹೇಳಿದ. ಮೇಲೆ ಇನ್ನೂ ಎಷ್ಟು ಮೋರಿ ಬಾಕಿ ಇವೆ ಎಂದದ್ದಕ್ಕೆ ಹೊರಗಿದ್ದವನು ಮಂಕರಿ ಎತ್ತುತ್ತ, "ನಮ್ಗೆ ಇದೊಂದೇ ಬರ್ಕೊಟ್ಟವ್ರೆ" ಎಂದ.